ಸಮುದ್ರಕ್ಕೊಂದು ಏರಿ

ವಿದ್ಯಾರಣ್ಯಪುರಂ, ಮೈಸೂರು
೧೨ ನವೆಂಬರ್ ೨೦೨೩

ಚಿ. ಸೌ. ರಕ್ಷಿತಾಗೆ ನಿನ್ನ ಅತ್ತೆ ಶಾಂತಾದೇವಿಯ ಆಶೀರ್ವಾದಗಳು.

'ಸೌ' ಅಂತ ಬರೆದದ್ದು ನಾನಲ್ಲ, ಎದುರುಮನೆ ಪ್ರೇಮಲೀಲಾ. ನನ್ನ ಕಣ್ಣಿಗೆ ಪೊರೆ ಬಂದಿದೆಯಲ್ಲ, ಅದಕ್ಕೆ ಇನ್ನು ಮೇಲೆ ನಾನು ಹೇಳೋದು, ಅವರು ಬರೆಯೋದು. ಸ್ಕೂಲಲ್ಲಿ ಟೀಚರ್ ಆಗಿದ್ದವರ ಕೈ, ಅಭ್ಯಾಸದಲ್ಲಿ ಬಂದ್ಬುಟ್ಟಿದೆ. ಬರೆದ ಮೇಲೆ ನಾಲಿಗೆ ಕಚ್ಚಿಕೊಂಡು, ಹೊಡೆದು ಹಾಕ್ಲಾ ಅಂದರು. ಬೇಡ ಕಣ್ರೀ, ಅದನ್ನೂ ಅವಳಿಂದ ಕಿತ್ತುಕೊಳ್ಳೋಕೆ ನಾವ್ಯಾರು, ಇರಲಿ ಬಿಡಿ ಅಂದೆ.

ಫೋನು ಮಾಡಲ್ಲ ಅಂತ ಬೇಜಾರು ಮಾಡ್ಕೋಬೇಡ. ಇಲ್ಲಿ ನನ್ನ ಕಿವಿ ಹೋಗಿದೆ, ಅಲ್ಲಿ ನಿನ್ನ ಅಂಡಮಾನಿನ ಸಿಗ್ನಲ್ಲು ಹೋಗಿದೆ. ಊಟ ಆಯ್ತಾ ಅಂದ್ರೂ 'ಹಾಂ ಅತ್ತೆ', ಜ್ವರ ಬಂದಿತ್ತಂತೆ ಅಂದ್ರೂ 'ಹಾಂ ಅತ್ತೆ'. ಅದಕ್ಕಿಂತ ಕಾಗದ ವಾಸಿ. ಕಾಗದದಲ್ಲಿ ನೀನು ಸ್ವಲ್ಪ ಮಾತಾಡ್ತೀಯ.

ವಿಷಯಕ್ಕೆ ಬರ್ತೀನಿ. ನೀನು ಕಳಿಸಿದ ಫೋಟೋನ ನಿನ್ನ ಭಾವ ರುದ್ರಸ್ವಾಮಿ ತನ್ನ ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿದ. ಒಂದು ಮರಳುಗುಡ್ಡೆ, ಸುತ್ತ ಚಿಪ್ಪು, ಮೇಲೊಂದು ದಾಸವಾಳ. ಇದೇನೋ ಇದು ಅಂದೆ. ಅಮ್ಮ, ಇದೇ ಶಿವು ಅಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಮರಳುಗುಡ್ಡೆ ಆಗಿದ್ದಾನೆ ಕಣಮ್ಮ! ಅವತ್ತು ಒಂದು ತುತ್ತು ಒಳಗೆ ಇಳಿಯಲಿಲ್ಲ.

ನಮ್ಮಲ್ಲಿ ಸುಡಲ್ಲ, ಮಲಗಿಸಲ್ಲ, ಕೂರಿಸ್ತೀವಿ. ಕಾಲು ಮಡಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ಪೂಜೆಗೆ ಕೂತ ಹಾಗೇ ಕೂರಿಸ್ತೀವಿ. ನಿನಗೆ ಹೇಳಬೇಕಾ? ಅವನು ಹೋದಾಗ ಆ ಮಳೆಯಲ್ಲಿ ಬೋಟು ನಿಂತು, ದೇಹ ಊರಿಗೆ ತರೋಕಾಗದೆ, ಮಠದ ಸಿದ್ದಲಿಂಗಸ್ವಾಮಿ ಅಯ್ಯನವರು ಫೋನಿನಲ್ಲಿ ಹೇಳಿದ ಹಾಗೆ ನೀನೇ ನಿಂತು ಕೂರಿಸಿದವಳು. ನನ್ನ ಮಗ ಕೂತಿದ್ದಾನೆ ಅನ್ನೋದೊಂದೇ ನನಗೆ ಸಮಾಧಾನ. ಕೂತವನ ಮೇಲೆ ಒಂದು ಗದ್ದುಗೆ ಬೇಡವಾ? ಅವನ ಅಪ್ಪನಿಗಿದೆ, ತಾತನಿಗಿದೆ. ಕಲ್ಲುಕೆಲಸದ ಮಂಟೇಸ್ವಾಮಿಗೆ ಒಂದು ಲಿಂಗ, ಒಂದು ಬಸವ ಹೇಳಿದ್ದೀನಿ. ಚೆನ್ನೈ ತನಕ ಲಾರಿ, ಅಲ್ಲಿಂದ ಹಡಗು. ಕಟ್ಟೆ ನೀನು ಕಟ್ಟಿಸು.

ವಿಭೂತಿ ಗಟ್ಟಿ ಕಳಿಸಿದ್ದೀನಿ. ನೀನು ಹಚ್ಚಿಕೊಂಡು ಅವನಿಗೂ ಹಚ್ಚು.

ನಿನ್ನ ಅತ್ತೆ
ಶಾಂತಾದೇವಿ

*

ಮೈಸೂರು ಮೆಸ್, ಅಂಡಮಾನ್
೯ ಡಿಸೆಂಬರ್ ೨೦೨೩

ಪೂಜ್ಯ ಅತ್ತೆಗೆ ರಕ್ಷಿತಾಳ ನಮಸ್ಕಾರಗಳು. ಪ್ರೇಮಲೀಲಾ ಮೇಡಂಗೂ ನಮಸ್ಕಾರ. ಅಕ್ಷರ ಎಷ್ಟು ಚೆನ್ನಾಗಿದೆ ಅಂದರೆ ನಿಮ್ಮ ಬೈಗುಳವೂ ಪಾಠದ ಥರ ಕಾಣುತ್ತೆ.

ಸೀಸನ್ ಶುರುವಾಗಿದೆ. ಬೆಳಿಗ್ಗೆ ಮೆಸ್ಸಿನ ಮುಂದೆ ಮಸಾಲೆ ದೋಸೆಗೆ ಸಾಲು. ಇವರು ಇದ್ದಾಗ ಬೋರ್ಡಿನ ಮೇಲೆ ಬರೆಸಿದ್ದ ಅರಮನೆ ಚಿತ್ರ ಉಪ್ಪುಗಾಳಿಗೆ ಮಾಸಿಹೋಗಿದೆ, ಜನ ಇದೇನು ಮಸೀದಿನಾ ಅಂತ ಕೇಳ್ತಾರೆ.

ಅತ್ತೆ, ಗದ್ದುಗೆ ಆಸೆ ನನಗೂ ಇಲ್ಲದೆ ಇಲ್ಲ. ಆದರೆ ಇಲ್ಲಿನ ದಂಡೆ ನಮ್ಮೂರ ನೆಲದ ಹಾಗಲ್ಲ. ಮಳೆಗಾಲದಲ್ಲಿ ಸಮುದ್ರ ಮರಳನ್ನು ಎಳೆದುಕೊಂಡು ಹೋಗುತ್ತೆ, ಚಳಿಗಾಲದಲ್ಲಿ ತಂದು ಹಾಕುತ್ತೆ. ಪ್ರತಿ ವರ್ಷ ದಂಡೆ ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ಇವರನ್ನು ಕೂರಿಸಿದ ಕಡೆ ಮಾತ್ರ ಕದಲಿಲ್ಲ, ಯಾಕೆಂದರೆ ಮುಂದೆ ಕೇದಗೆ ಪೊದೆ ದಟ್ಟವಾಗಿದೆ. ಅದರ ಬೇರು ಮರಳನ್ನು ಹಿಡಿದುಕೊಂಡಿದೆ.

ನಾವು ಬಂದ ವರ್ಷ ನಮ್ಮ ಪಕ್ಕ ಗದ್ದೆ ಇತ್ತು, ಅದರಾಚೆ ತೆಂಗು. ಈಗ ಗದ್ದೆ ಮುಚ್ಚಿ ರೆಸಾರ್ಟಿನವರು ಕಾಟೇಜು ಕಟ್ಟಿದ್ದಾರೆ, ಈಜುಕೊಳ ತೋಡಿದ್ದಾರೆ. ಸಮುದ್ರಕ್ಕೆ ಬೆನ್ನು ಹಾಕಿ ಈಜುಕೊಳದಲ್ಲಿ ಮುಳುಗೋ ಜನ ಅತ್ತೆ! ತೆಂಗೂ ಕೇದಗೆಯೂ ಕಡಿದ ಮೇಲೆ ಅವರ ಮುಂದಿನ ದಂಡೆ ಕರಗ್ತಾ ಇದೆ. ಅದಕ್ಕೆ ಈಗ ಉದ್ದಕ್ಕೂ ಕಾಂಕ್ರೀಟ್ ಗೋಡೆ ಹಾಕಬೇಕಂತೆ. ಗೋಡೆಯ ತುದಿ ನಿಲ್ಲಿಸೋಕೆ ನಮ್ಮ ಮುಂದಿನ ಕೇದಗೆ ಜಾಗ ಕೇಳ್ತಿದ್ದಾರೆ. ಬಿಟ್ಟುಕೊಟ್ಟರೆ ಗದ್ದುಗೆ ಕಟ್ಟೆ ನಾವೇ ಕಟ್ಟಿಸಿಕೊಡ್ತೀವಿ, ಸಿಮೆಂಟು, ಕ್ರೇನು ಎಲ್ಲಾ ನಮ್ಮದೇ ಅಂತಾರೆ ಮ್ಯಾನೇಜರು.

ನಾನು ಆಗಲ್ಲ ಅಂದಿದ್ದೀನಿ. ಪೊದೆ ಕೀಳೋಕೆ ಮನಸ್ಸು ಬರಲ್ಲ. ಮರಳು ಮರಳಾಗಿಯೇ ಇರಲಿ ಅತ್ತೆ. ಸಂಜೆ ಹೊತ್ತು ಹೋಗಿ ಕೈಯಲ್ಲೇ ಸವರಿ ಸರಿ ಮಾಡ್ತೀನಿ, ನನಗೆ ಅದೇ ಅಭ್ಯಾಸವಾಗಿದೆ. ಲಿಂಗ, ಬಸವ ಬಂದರೆ ಮನೆಯೊಳಗೆ ಇಟ್ಟುಕೊಳ್ತೀನಿ.

ನಿಮ್ಮ
ರಕ್ಷಿತಾ

*

ವಿದ್ಯಾರಣ್ಯಪುರಂ, ಮೈಸೂರು
೫ ಜನವರಿ ೨೦೨೪

ಚಿ. ಸೌ. ರಕ್ಷಿತಾಗೆ,

ಬಸವನನ್ನ ಮನೆಯೊಳಗೆ ಇಟ್ಟುಕೊಳ್ತಾಳಂತೆ! ಅವನೇನು ಷೋಕೇಸಿನ ಬೊಂಬೆಯಾ?

ನೋಡಮ್ಮ, ನಾನು ಸಮುದ್ರ ನೋಡಿಲ್ಲ, ಒಪ್ಪಿದೆ. ಆದರೆ ನೀರು ನೋಡಿದ್ದೀನಿ. ನನ್ನ ತವರೂರು ಕೆರೆ ಹಿಂದಿನ ಊರು. ನಮ್ಮಪ್ಪ ಮಳೆ ಬಂತು ಅಂದ್ರೆ ಕಂಬಳಿ ಹೊದ್ದುಕೊಂಡು ಏರಿ ಮೇಲೆ ಓಡಾಡ್ತಿದ್ರು. ಏರಿ ಗಟ್ಟಿಯಾಗಿತ್ತು, ಅದಕ್ಕೇ ನಾವು ಮನೆಯಲ್ಲಿ ಕಾಲು ಚಾಚಿ ಮಲಗ್ತಿದ್ವಿ. ಇಲ್ಲೇ ಲಿಂಗಾಂಬುಧಿ ಕೆರೆಗೆ ಏರಿ ಇಲ್ವಾ? ಕಾರಂಜಿ ಕೆರೆಗಿಲ್ವಾ? ಅಷ್ಟಷ್ಟು ನೀರಿಗೇ ಏರಿ ಬೇಕು ಅಂದ್ರೆ, ಅಷ್ಟು ದೊಡ್ಡ ಸಮುದ್ರನ ಒಂದು ಪೊದೆ ತಡೆಯುತ್ತೆ ಅಂತೀಯಲ್ಲ, ನಗಬೇಕೋ ಅಳಬೇಕೋ? ಮುಳ್ಳುಪೊದೆ ಕಣೇ ಅದು, ಹಾವು ಸೇರ್ಕೊಳ್ಳುತ್ತೆ.

ಆ ರೆಸಾರ್ಟಿನವರು ತಾವಾಗಿ ಬಂದು ಏರಿ ಹಾಕ್ತೀವಿ, ಗದ್ದುಗೆನೂ ಕಟ್ಟಿಸಿಕೊಡ್ತೀವಿ ಅಂತಾರೆ. ನೀನು ಮೂಗು ಮುರೀತೀಯ. ಬರೀರಿ ಪ್ರೇಮಲೀಲಾ, ದಪ್ಪಕ್ಷರದಲ್ಲಿ ಬರೀರಿ: ಗೋಡೆಗೆ ಒಪ್ಪಿಕೋ.

ಪ್ರೇಮಲೀಲಾ ಪೆನ್ನು ನಿಲ್ಲಿಸಿ, 'ಶಾಂತಮ್ಮ, ಅವರು ಅಲ್ಲೇ ಇರೋರು, ಅವರಿಗೆ ಗೊತ್ತಿರಲ್ವಾ' ಅಂತಾರೆ. ನೀವು ಸುಮ್ಮನೆ ಬರೀರಿ ಕಣ್ರೀ ಅಂದೆ. ಕೋಪ ಬಂದಿದೆ ಅವರಿಗೆ. ಕಾಫಿ ಕೊಟ್ಟರೆ ಸರಿಹೋಗ್ತಾರೆ.

ರಕ್ಷಿತಾ, ಅವನು ನಿನ್ನ ಗಂಡ ಆಗೋ ಮುಂಚೆ ನನ್ನ ಮಗ. ನಾನು ಅವನ ಮುಖ ಕೊನೇ ಸಲ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಇದೊಂದು ಕೇಳ್ತಿದ್ದೀನಿ. ಇಷ್ಟಕ್ಕೂ ಆಗಲ್ಲ ಅಂತ ಬರೆದರೆ ಇನ್ನು ನನಗೆ ಕಾಗದ ಬರೀಬೇಡ.

ಶಾಂತಾದೇವಿ

*

ಮೈಸೂರು ಮೆಸ್
೨ ಮಾರ್ಚ್ ೨೦೨೪

ಪೂಜ್ಯ ಅತ್ತೆಗೆ ನಮಸ್ಕಾರಗಳು.

ಒಪ್ಪಿಕೊಂಡೆ. ನಿಮ್ಮ ಮಾತೇ ಆಗಲಿ ಅಂತ ಒಪ್ಪಿಕೊಂಡೆ.

ಗದ್ದುಗೆ ಕಟ್ಟಿದ್ದಾಗಿದೆ. ನಿಜ ಹೇಳಬೇಕಂದರೆ ತುಂಬ ಚೆನ್ನಾಗಿದೆ ಅತ್ತೆ. ಕಟ್ಟೆ ನನ್ನ ಸೊಂಟದೆತ್ತರ. ಲಿಂಗ ಕೂತಿದೆ, ಅದರ ಮುಂದೆ ನಮ್ಮ ಬಸವ. ಹಡಗಿನಲ್ಲಿ ಬರುವಾಗ ಒಂದು ಕಿವಿಯ ತುದಿ ಚೂರು ಮುಕ್ಕಾಗಿದೆ. ಮಂಟೇಸ್ವಾಮಿಯವರಿಗೆ ಹೇಳಬೇಡಿ, ನೊಂದುಕೊಳ್ತಾರೆ. ಶಿವರಾತ್ರಿಗೆ ಇನ್ನೂ ಐದಾರು ದಿನ ಇದೆ, ಅವತ್ತು ಅಭಿಷೇಕ ಮಾಡ್ತೀನಿ. ಬಿಲ್ವಪತ್ರೆ ಇಲ್ಲಿ ಸಿಗೋದಿಲ್ಲ, ನೀವು ಒಣಗಿಸಿ ಕಳಿಸಿದ್ದೇ ಇಟ್ಟುಕೊಂಡಿದ್ದೀನಿ. ಕೂರಿಸಿದ ದಿನ ಅದೂ ಇರಲಿಲ್ಲ.

ಕೇದಗೆ ಕಿತ್ತರು. ಯಂತ್ರ ತಂದು ಒಂದೇ ಬೆಳಿಗ್ಗೆ ಕಿತ್ತುಹಾಕಿದರು. ಗೋಡೆ ನಮ್ಮ ಜಾಗದವರೆಗೂ ಬಂದು ನಿಂತಿದೆ. ಇನ್ನಷ್ಟು ಮುಂದಕ್ಕೆ ತಂದು ಗದ್ದುಗೆಯನ್ನೂ ದಾಟಿಸಿ ಅಂತ ಕೇಳಿದೆ, ಪರ್ಮಿಷನ್ ಇಷ್ಟಕ್ಕೇ ಅಂದರು.

ಟೂರಿಸ್ಟುಗಳು ಬಸವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ತಾರೆ. ಇದು ಯಾವ ದೇವಸ್ಥಾನ ಅಂತ ಕೇಳಿದರೆ ನಮ್ಮ ಮನೆಯವರದು ಅಂತೀನಿ.

ನಿಮ್ಮ
ರಕ್ಷಿತಾ

*

ವಿದ್ಯಾರಣ್ಯಪುರಂ, ಮೈಸೂರು
೨೮ ಏಪ್ರಿಲ್ ೨೦೨೪

ಚಿ. ಸೌ. ರಕ್ಷಿತಾಗೆ ಸಾವಿರ ಆಶೀರ್ವಾದ.

ನೀನು ಕಳಿಸಿದ ಗದ್ದುಗೆ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಹಾಲಿನಲ್ಲಿ ನೇತುಹಾಕಿದ್ದೀನಿ. ಬಂದವರಿಗೆಲ್ಲ ತೋರಿಸ್ತೀನಿ. ಹಾಲು ಹಾಕೋ ಬೀರಮ್ಮ ಕೈ ಮುಗಿದು, 'ಅವ್ವಾ, ನಿಮ್ ಮಗ ಎಂಗ್ ಕೂತವ್ನೆ ನೋಡಿ, ಸಮುದ್ರದ ರಾಜ ಇದ್ದಂಗೆ' ಅಂದಳು. ಅವಳಿಗೆ ಒಂದು ಲೋಟ ಪಾಯಸ ಜಾಸ್ತಿ ಕೊಟ್ಟೆ.

ಕಿವಿ ಮುಕ್ಕಾಗಿರೋದು ನನ್ನ ಪೊರೆ ಕಣ್ಣಿಗೂ ಕಾಣುತ್ತೆ. ಇರಲಿ ಬಿಡು, ನನಗೂ ಕಿವಿ ಇಲ್ಲ.

ನೀನೂ ದುಃಖದಲ್ಲಿದ್ದವಳು. ಜನವರಿ ಕಾಗದದಲ್ಲಿ ಜೋರು ಮಾಡ್ಬುಟ್ಟೆ ಅಂತ ಪ್ರೇಮಲೀಲಾ ಈಗಲೂ ಬೈತಾರೆ. ನಾನೇನು ಹೇಳಿ ಬರೆಸಿದೆನೋ ನನಗೇ ನೆನಪಿಲ್ಲ, ಆ ದಿನ ಬಿ.ಪಿ. ಏರಿತ್ತು. ಮನಸ್ಸಿನಲ್ಲಿ ಇಟ್ಟುಕೋಬೇಡ.

ಒಂದು ಆಸೆ ಹುಟ್ಟಿದೆ. ಕಣ್ಣಿನ ಆಪರೇಷನ್ ಮುಗಿಸಿಕೊಂಡು ಬಂದು ನೋಡ್ಬೇಕು. ಅವನ ಮುಂದೆ ಕೂತು ಒಂದು ಸಲ ಪೂಜೆ ಮಾಡ್ಬೇಕು. ತಾಯಿ ಎದುರಿಗೆ ಮಗ ಕೂತಿರ್ತಾನೆ, ಇಬ್ಬರೂ ಮಾತಾಡೋದು ಬೇಡ.

ಶಾಂತಾದೇವಿ

*

ಮೈಸೂರು ಮೆಸ್
೨೦ ಜುಲೈ ೨೦೨೪

ಪೂಜ್ಯ ಅತ್ತೆಗೆ ನಮಸ್ಕಾರಗಳು.

ಕ್ಷೇಮ. ಮಳೆ ಜೋರಾಗಿದೆ, ಬೋಟು ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಮೆಸ್ಸು ಮುಚ್ಚಿದೆ. ಮರಳು ಮೂಟೆ ಕಟ್ಟೋ ಕೆಲಸ ಇದೆ, ಅದಕ್ಕೇ ಚುಟುಕಾಗಿ ಬರೀತಿದ್ದೀನಿ. ನಿಮ್ಮ ಕಣ್ಣಿನ ಆಪರೇಷನ್ ಅವಸರ ಬೇಡ. ಮಳೆಗಾಲ, ಸೋಂಕು ತಗುಲುತ್ತೆ.

ನಿಮ್ಮ
ರಕ್ಷಿತಾ

*

ವಿದ್ಯಾರಣ್ಯಪುರಂ, ಮೈಸೂರು
೧೫ ಸೆಪ್ಟೆಂಬರ್ ೨೦೨೪

ಚಿ. ಸೌ. ರಕ್ಷಿತಾಗೆ,

ಅದೇನು ಕಾಗದ ಕಣೇ? ಕರೆಂಟು ಬಿಲ್ಲಿನಲ್ಲೂ ಅದಕ್ಕಿಂತ ಜಾಸ್ತಿ ಮಾತಿರುತ್ತೆ. ಗದ್ದುಗೆ ವಿಚಾರ ಒಂದಕ್ಷರ ಇಲ್ಲ. ಶ್ರಾವಣ ಸೋಮವಾರ ಏನು ಪೂಜೆ ಮಾಡಿದೆ, ಬಸವನಿಗೆ ಯಾವ ಹೂವು ಹಾಕಿದೆ, ಏನೂ ಇಲ್ಲ. ಮರಳು ಮೂಟೆ ಯಾಕೆ ಕಟ್ತಿದ್ದೆ? ಮೆಸ್ಸಿಗೆ ನೀರು ನುಗ್ಗಿತ್ತಾ? ನನ್ನಿಂದ ಮುಚ್ಚಿಡಬೇಡ.

ಹೊಸಾ ಫೋಟೋ ಕಳಿಸು. ಹಾಲಿನಲ್ಲಿ ನೇತುಹಾಕಿರೋದನ್ನ ನೋಡಿ ನೋಡಿ ಸಾಕಾಯ್ತು. ಮಳೆ ನೀರಿಗೆ ಗದ್ದುಗೆ ಪಾಚಿ ಕಟ್ಟಿದ್ದರೆ ತೆಂಗಿನ ನಾರಿನಲ್ಲಿ ಉಜ್ಜು.

ಶಾಂತಾದೇವಿ

*

ಮೈಸೂರು ಮೆಸ್
೬ ಅಕ್ಟೋಬರ್ ೨೦೨೪

ಅತ್ತೆ,

ಈ ಕಾಗದ ಅಂಚೆಗೆ ಹಾಕೋದಿಲ್ಲ ಅಂತ ಗೊತ್ತಿದ್ದೇ ಬರೀತಿದ್ದೀನಿ. ಯಾರಿಗಾದರೂ ಹೇಳಬೇಕು. ಇಲ್ಲಿ ಕನ್ನಡ ಬರೋರು ಯಾರೂ ಇಲ್ಲ.

ಗದ್ದುಗೆ ಹೋಯಿತು. ಆಗಸ್ಟಿನಲ್ಲೇ ಹೋಯಿತು. ಅಲೆ ಬಂದು ಗೋಡೆಗೆ ಹೊಡೆಯುತ್ತೆ, ಅಲ್ಲಿ ಒಳಗೆ ಹೋಗೋಕೆ ಜಾಗ ಸಿಗದೆ ಗೋಡೆ ಉದ್ದಕ್ಕೂ ಓಡುತ್ತೆ, ಗೋಡೆ ಮುಗಿದ ಕಡೆ ತಿರುಗಿ ನಮ್ಮ ಜಾಗದ ಮೇಲೆ ಬೀಳುತ್ತೆ. ಮೊದಲಿದ್ದ ಅಲೆಯಲ್ಲ ಅದು, ಅಷ್ಟೂ ಅಲೆಗಳ ಸಿಟ್ಟು ಒಂದೇ ಕಡೆ. ಕೇದಗೆ ಇರಲಿಲ್ಲ ಹಿಡಿದುಕೊಳ್ಳೋಕೆ. ಜೂನಿನಲ್ಲಿ ಕಟ್ಟೆಯ ಅಡಿ ಮರಳು ಕರಗೋಕೆ ಶುರುವಾಯಿತು. ಮೂಟೆ ಕಟ್ಟಿ ಹಾಕಿದೆ, ಮರುದಿನ ಇರಲಿಲ್ಲ. ಮತ್ತೆ ಹಾಕಿದೆ. ಜುಲೈ ಪೂರ್ತಿ ಇದೇ ಕೆಲಸ. ಕೈ ಚರ್ಮ ಸುಲಿದುಹೋಯಿತು.

ಶ್ರಾವಣದ ಹುಣ್ಣಿಮೆ ಮಧ್ಯಾಹ್ನ ಕಟ್ಟೆ ಮುಂದಕ್ಕೆ ವಾಲಿತು. ಬರೀ ಮರಳಾಗಿದ್ದರೆ ಏನಾಗ್ತಿತ್ತೋ, ಆ ಭಾರಕ್ಕೆ ಅಡಿಯಲ್ಲಿದ್ದುದೆಲ್ಲ ಕಿತ್ತುಬಂತು. ಬಸವ ಮುಖ ಅಡಿಯಾಗಿ ಬಿದ್ದ. ನಾನು ಓಡಿದೆ, ಮೀನುಗಾರರು ಹಿಡಿದು ಎಳೆದುಕೊಂಡು ಬಂದರು. ರೆಸಾರ್ಟಿನ ಜನ ಗೋಡೆ ಮೇಲೆ ಕೂತು ವಿಡಿಯೋ ತೆಗೀತಿದ್ದರು. ಆಮೇಲೆ ಮ್ಯಾನೇಜರು ಬಂದು, 'ಮೇಡಂ, ನೀವೂ ಒಂದು ಗೋಡೆ ಹಾಕ್ಕೋಬೇಕಿತ್ತು' ಅಂದರು.

ನೀರು ಇಳಿದ ಮೇಲೆ ಹೋಗಿ ನೋಡಿದೆ. ಗುಂಡಿ ಇತ್ತು. ಗುಂಡಿ ತುಂಬ ನೀರಿತ್ತು. ಇವರು ಇರಲಿಲ್ಲ ಅತ್ತೆ. ಏನೂ ಇರಲಿಲ್ಲ. ಕೈಯಲ್ಲಿ ಇಟ್ಟಿದ್ದ ಲಿಂಗವಾದರೂ ಸಿಗುತ್ತಾ ಅಂತ ದಂಡೆಯೆಲ್ಲ ಹುಡುಕಿದೆ. ಈಗಲೂ ಹುಡುಕ್ತೀನಿ. ಕಪ್ಪು ಕಲ್ಲು ಕಂಡರೆ ಬಗ್ಗಿ ಎತ್ತಿಕೊಳ್ತೀನಿ.

ಹೇಗೆ ಹೋದರು ಅಂತ ನಾನು ನೋಡಲಿಲ್ಲ. ಕೂತು ಹೋದರಾ, ಉರುಳಿ ಹೋದರಾ, ಗೊತ್ತಿಲ್ಲ. ಅದನ್ನು ಯೋಚನೆ ಮಾಡೋಕೆ ಶುರುಮಾಡಿದರೆ ಒಲೆ ಮೇಲಿನ ದೋಸೆ ಕರಕಾಗುತ್ತೆ.

ನಿಮಗೆ ಹೇಗೆ ಹೇಳಲಿ? ಗೋಡೆಗೆ ಒಪ್ಪಿಕೋ ಅಂದವರು ನೀವು. ಹೇಳಿದ ದಿನ ನೀವು ಸತ್ತುಹೋಗ್ತೀರಿ.

*

ಮೈಸೂರು ಮೆಸ್
೭ ಅಕ್ಟೋಬರ್ ೨೦೨೪

ಪೂಜ್ಯ ಅತ್ತೆಗೆ ನಮಸ್ಕಾರಗಳು.

ಎಲ್ಲ ಚೆನ್ನಾಗಿದೆ. ಮೆಸ್ಸಿನ ಹಿತ್ತಿಲಿಗೆ ಸ್ವಲ್ಪ ನೀರು ಬಂದಿತ್ತು, ಅದಕ್ಕೆ ಮೂಟೆ ಹಾಕಿದ್ದು. ಶ್ರಾವಣದಲ್ಲಿ ಬಸವನಿಗೆ ಬಿಳಿ ಕಣಗಿಲೆ ಹಾಕಿದ್ದೆ. ಫೋನಿಗೆ ನೀರು ಬಿದ್ದು ಕ್ಯಾಮೆರಾ ಕೆಟ್ಟಿದೆ, ಫೋಟೋ ತೆಗೆಯೋಕಾಗ್ತಿಲ್ಲ. ಪಾಚಿ ಕಟ್ಟಿಲ್ಲ.

ವಿಭೂತಿ ಇನ್ನೂ ಇದೆ, ಸದ್ಯಕ್ಕೆ ಕಳಿಸಬೇಡಿ.

ನಿಮ್ಮ
ರಕ್ಷಿತಾ

*

ವಿದ್ಯಾರಣ್ಯಪುರಂ, ಮೈಸೂರು
೧೮ ಡಿಸೆಂಬರ್ ೨೦೨೪

ಚಿ. ಸೌ. ರಕ್ಷಿತಾಗೆ,

ಅಕ್ಷರ ನೋಡಿ ಗೊತ್ತಾಯ್ತಾ? ನನ್ನದೇ ಕೈ! ಎರಡು ಕಣ್ಣಿನ ಆಪರೇಷನ್ನೂ ಆಯ್ತು. ಬೇಡ ಬೇಡ ಅಂತಿದ್ದೆಯಲ್ಲ, ನೋಡು, ಈಗ ಸೂಜಿಗೆ ದಾರ ಪೋಣಿಸ್ತೀನಿ. ಪ್ರೇಮಲೀಲಾ ಮಗಳ ಬಾಣಂತನಕ್ಕೆ ಅಂತ ಶಿವಮೊಗ್ಗಕ್ಕೆ ಹೋಗಿದ್ದಾರೆ, ಮೂರು ತಿಂಗಳು ಬರಲ್ಲ. ನನ್ನ ತಪ್ಪು ತಿದ್ದೋರು ಯಾರೂ ಇಲ್ಲ, ಆರಾಮಾಗಿ ಬರೀತಿದ್ದೀನಿ.

ರುದ್ರಸ್ವಾಮಿ ಫೆಬ್ರವರಿ ಕೊನೆಗೆ ಟಿಕೆಟ್ಟು ಮಾಡಿಸಿದ್ದಾನೆ. ಬೆಂಗಳೂರಿಂದ ವಿಮಾನ, ಅಲ್ಲಿಂದ ನಿಮ್ಮ ಬೋಟು. ನನಗೆ ವಿಮಾನ ಅಂದ್ರೆ ಎದೆ ಡವಗುಟ್ಟುತ್ತೆ, ಆದ್ರೂ ಬರ್ತೀನಿ. ಶಿವರಾತ್ರಿ ನಿನ್ನ ಜೊತೆ, ಅವನ ಮುಂದೆ. ರೇಷ್ಮೆ ವಸ್ತ್ರ ತಗೊಂಡಿದ್ದೀನಿ ಗದ್ದುಗೆಗೆ ಹೊದಿಸೋಕೆ. ಅಳತೆ ಬರೆದು ಕಳಿಸು, ಅಂಚು ಹೊಲಿಸ್ತೀನಿ.

ಶಾಂತಾದೇವಿ

*

ಮೈಸೂರು ಮೆಸ್
೧೦ ಜನವರಿ ೨೦೨೫

ಪೂಜ್ಯ ಅತ್ತೆ,

ವಸ್ತ್ರ ಹೊಲಿಸಬೇಡಿ. ಟಿಕೆಟ್ಟು ವಾಪಸ್ಸು ಮಾಡಿಸಿ.

ಗದ್ದುಗೆ ಇಲ್ಲ. ಆಗಸ್ಟಿನಲ್ಲಿ ಸಮುದ್ರಕ್ಕೆ ಹೋಯಿತು. ಗೋಡೆ ಮುಗಿದ ಕಡೆಯಿಂದ ನೀರು ನಮ್ಮ ಮೇಲೆ ತಿರುಗಿತು. ನಾನು ಏನು ಮಾಡಬಹುದಿತ್ತೋ ಎಲ್ಲ ಮಾಡಿದೆ, ಉಳಿಸಿಕೊಳ್ಳೋಕೆ ಆಗಲಿಲ್ಲ. ಬಸವ ಮಾತ್ರ ಸಿಕ್ಕಿದೆ, ಮೆಸ್ಸಿನ ಬಾಗಿಲ ಹತ್ತಿರ ಇಟ್ಟಿದ್ದೀನಿ.

ಕ್ಯಾಮೆರಾ ಕೆಟ್ಟಿರಲಿಲ್ಲ. ಬಿಳಿ ಕಣಗಿಲೆ ಹಾಕಿರಲಿಲ್ಲ. ನಿಮಗೆ ಹೇಳೋ ಧೈರ್ಯ ಇರಲಿಲ್ಲ.

ರುದ್ರಸ್ವಾಮಿ ಭಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಾಗದ ಓದಿ ಅಂತ ಮೊದಲೇ ಬರೀಬೇಕಿತ್ತು. ಈಗ ಹೊಳೀತಿದೆ.

ರಕ್ಷಿತಾ

*

ಮೈಸೂರು
೨ ಫೆಬ್ರವರಿ ೨೦೨೫

ರಕ್ಷಿತಾ,

ಒಂದು ವಾರ ಆಸ್ಪತ್ರೆಯಲ್ಲಿದ್ದು ಬಂದೆ. ಸಾಯಲಿಲ್ಲ.

ನನ್ನ ಮಗನ್ನ ನಿನ್ನ ಕೈಗೆ ಕೊಟ್ಟಿದ್ದೆ. ಬದುಕಿದ್ದಾಗಲೂ ಉಳಿಸಿಕೊಳ್ಳಲಿಲ್ಲ, ಸತ್ತ ಮೇಲೂ ಉಳಿಸಿಕೊಳ್ಳಲಿಲ್ಲ. ಆಗಸ್ಟಿನಲ್ಲಿ ಹೋದವನಿಗೆ ನಾನು ದೀಪಾವಳಿ, ಕಾರ್ತಿಕ ಎಲ್ಲ ಫೋಟೋ ಮುಂದೆ ದೀಪ ಹಚ್ಚಿಟ್ಟೆ. ಕಣಗಿಲೆ ಹಾಕ್ದೆ ಅಂತೀಯ! ನಾಚಿಕೆ ಆಗಲಿಲ್ವಾ ನಿನಗೆ?

ಆ ರೆಸಾರ್ಟಿನವರಿಗೆ ಜಾಗ ಯಾಕೆ ಬಿಟ್ಟುಕೊಟ್ಟೆ? ಗೋಡೆ ಕಟ್ಟಿಸು ಅಂತ ನಾನು ಹೇಳಿದ್ನಾ? ಗದ್ದುಗೆ ಕೇಳಿದೆ, ಅಷ್ಟೇ. ಇಲ್ಲಿ ಕೂತ ಮುದುಕಿಗೆ ಸಮುದ್ರ ಏನು ಗೊತ್ತು? ನಿನಗೆ ಗೊತ್ತಿತ್ತಲ್ಲ. ಪೊದೆ ಹಿಡಿದುಕೊಂಡಿದೆ ಅಂತ ನೀನೇ ಬರೆದಿದ್ದೆ. ಒಂದು ಕಟ್ಟೆ ಆಸೆಗೆ ನನ್ನ ಮಗನ್ನ ಮಾರಿಬುಟ್ಟೆ.

ನಿನ್ನೆಯಿಂದ ಒಂದೇ ಯೋಚನೆ ಕೊರೀತಿದೆ. ಆ ಕಾಗದದಲ್ಲಿ ಏನು ಬರೆಸಿದ್ದೆನೋ ನೆನಪಾಗ್ತಿಲ್ಲ. ಬಿ.ಪಿ. ಏರಿದ ದಿನದ್ದು. ಗೋಡೆ ವಿಚಾರ ಏನಾದ್ರೂ ಹೇಳಿದ್ನಾ? ಹೇಳಿದ್ರೆ ಮುಚ್ಚಿಡದೆ ಬರಿ. ನಾನು ತಾಳ್ಕೊಳ್ತೀನಿ.

ಇನ್ನೊಂದು. ಇದನ್ನ ಬರೆಯೋಕೆ ಎರಡು ದಿನ ಬೇಕಾಯ್ತು. ಗದ್ದುಗೆ ಒಡೆದಾಗ ನೀನು ಅವನನ್ನ ನೋಡಿದ್ಯಾ? ಅವನು ಕೂತಿದ್ದನಾ?

*

ಮೈಸೂರು ಮೆಸ್
೨೦ ಫೆಬ್ರವರಿ ೨೦೨೫

ಪೂಜ್ಯ ಅತ್ತೆಗೆ ನಮಸ್ಕಾರಗಳು.

ಗೋಡೆ ವಿಚಾರ ನೀವು ಏನೂ ಬರೆಸಿರಲಿಲ್ಲ. ಗದ್ದುಗೆ ಚೆನ್ನಾಗಿರಲಿ ಅಂತ ಮಾತ್ರ ಬರೆಸಿದ್ದಿರಿ. ಗೋಡೆಗೆ ಒಪ್ಪಿದ್ದು ನಾನೇ. ಮ್ಯಾನೇಜರ ಮಾತಿಗೆ ಮರುಳಾದೆ. ಕಾಗದ ತೆಗೆದು ಇನ್ನೊಂದು ಸಲ ಓದಿಯೇ ಹೇಳ್ತಿದ್ದೀನಿ, ನಿಮ್ಮದೇನೂ ತಪ್ಪಿಲ್ಲ. ನೀವು ಬೈದದ್ದು ಸರಿಯಾಗಿದೆ, ಇನ್ನೂ ಬೈಯಿರಿ.

ನೋಡಿದೆ ಅತ್ತೆ. ಕೂತಿದ್ದರು. ನಾವು ಕೂರಿಸಿದ ಹಾಗೇ, ನೆಟ್ಟಗೆ. ಕೈ ಮಡಿಲಲ್ಲೇ ಇತ್ತು. ನೀರು ಬಂದು ಹಾಗೇ ಎತ್ತಿಕೊಂಡು ಹೋಯಿತು.

ಊಟ, ಮಾತ್ರೆ ಬಿಡಬೇಡಿ.

ನಿಮ್ಮ
ರಕ್ಷಿತಾ

*

ವಿದ್ಯಾರಣ್ಯಪುರಂ, ಮೈಸೂರು
೨೫ ಮಾರ್ಚ್ ೨೦೨೫

ಚಿ. ಸೌ. ರಕ್ಷಿತಾಗೆ,

ನಿನ್ನ ಕಾಗದ ಬಂದಾಗಿಂದ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. 'ಕೂತಿದ್ದರು' ಅಂತ ಬರೆದಿದ್ದೀಯಲ್ಲ, ಆ ಸಾಲು ದಿನಾ ಓದ್ತಿದ್ದೆ. ಅದೊಂದು ಸಾಲಿನಿಂದ ಎರಡು ಹೊತ್ತು ಊಟ ಮಾಡೋ ಹಾಗಾಗಿದ್ದೆ. ಅವನು ಕೂತೇ ಹೋದ, ಪೂಜೆ ಬಿಟ್ಟು ಏಳಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ಸಿದ್ದಲಿಂಗಸ್ವಾಮಿ ಅಯ್ಯನವರಿಗೂ ಹೇಳಿದೆ, ಅವರು ಕಣ್ಣು ಒರೆಸಿಕೊಂಡರು.

ಮೊನ್ನೆ ಪ್ರೇಮಲೀಲಾ ಶಿವಮೊಗ್ಗದಿಂದ ಬಂದರು. ಖುಷಿಯಲ್ಲಿ ಅವರಿಗೂ ಓದಿ ಹೇಳಿದೆ. ಕಾಫಿ ಲೋಟ ಹಾಗೇ ಕೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು. ಯಾಕ್ರೀ ಅಂದೆ. ನನ್ನ ಮೇಲೆ ಆಣೆ ಅಂದ ಮೇಲೆ ಹೇಳಿದರು: 'ಶಾಂತಮ್ಮ, ಗೋಡೆಗೆ ಒಪ್ಪಿಕೋ ಅಂತ ಬರೆದದ್ದು ನನ್ನ ಕೈ. ದಪ್ಪಕ್ಷರದಲ್ಲಿ ಬರೀರಿ ಅಂದಿದ್ರಿ. ಅವರಿಗೆ ಗೊತ್ತಿರಲ್ವಾ ಅಂತ ನಾನು ಕೇಳಿದ್ದಕ್ಕೆ ಕೋಪ ಮಾಡ್ಕೊಂಡ್ರಿ.'

ಅವರು ಹೇಳ್ತಾ ಹೇಳ್ತಾ ನನಗೂ ಎಲ್ಲ ನೆನಪಾಯ್ತು. ಏರಿ ಅಂದಿದ್ದು, ಕೆರೆ ಅಂದಿದ್ದು. ಕೆರೆಗೆ ಹೇಳೋ ಮಾತನ್ನ ಸಮುದ್ರಕ್ಕೆ ಹೇಳ್ಬುಟ್ಟಿದ್ದೆ. ಮಾರಿಬುಟ್ಟೆ ಅಂತ ನಿನಗೆ ಬರೆದೆನಲ್ಲ, ಆ ಕೈ ಸೇದಿಹೋಗಬಾರದಿತ್ತಾ?

ನೀನು ನನ್ನನ್ನ ಉಳಿಸೋಕೆ ಸುಳ್ಳು ಬರೆದೆ. ಮುಚ್ಚಿಡದೆ ಬರಿ ಅಂದಿದ್ದೆ, ಕಾಗದ ಇನ್ನೊಂದು ಸಲ ಓದಿಯೇ ಹೇಳ್ತಿದ್ದೀನಿ ಅಂತ ಬರೆದೆ. ಅಷ್ಟು ದೊಡ್ಡ ಸುಳ್ಳು ಅಷ್ಟು ನಿಜದ ಹಾಗೆ ಬರೀಬಲ್ಲವಳು, ಅದೇ ಕಾಗದದಲ್ಲಿ, ಅದರ ಕೆಳಗೇ, ಅವನು ಕೂತಿದ್ದ ಅಂತಲೂ ಬರೆದಿದ್ದೀಯ.

ಕಾಗದನ ಮತ್ತೆ ಮತ್ತೆ ನೋಡಿದೆ. ಎರಡೂ ಒಂದೇ ಶಾಯಿ, ಒಂದೇ ಕೈ.

ಇದಕ್ಕೆ ಉತ್ತರ ಬರೀಬೇಡ ಮಗಳೇ. ಕೂತಿದ್ದರು ಅಂತ ಬರೆದರೆ ನಾನು ನಂಬಲ್ಲ. ಇಲ್ಲ ಅಂತ ಬರೆದರೆ ತಾಳಲ್ಲ.

ಹಾಲಿನಲ್ಲಿದ್ದ ಫೋಟೋ ತೆಗೆಸಿದ್ದೀನಿ. ವಿಭೂತಿ ಇನ್ನು ಕಳಿಸಲ್ಲ.

ನಿನ್ನ ಅತ್ತೆ
ಶಾಂತಾದೇವಿ